ಮಹಾಸ್ತ್ರದ ಮುಂದೆ ಸೇನೆಯ ನಿರುಪಾಯತೆ ಮತ್ತು ವಿಜ್ಞಾನದ ಎಚ್ಚರಿಕೆ : 1945ರ ಪ್ರಸಂಗದ ಒಂದು ವಿವೇಚನೆ

1. ಪೀಠಿಕೆ

ಕುರುಕ್ಷೇತ್ರದ ಯುದ್ಧವು ಮುಗಿದ ಮೇಲೆ, ಸೋತ ಪಕ್ಷದಲ್ಲಿ ಉಳಿದಿದ್ದ ಅಶ್ವತ್ಥಾಮನು ಬೇರೆ ದಾರಿ ಕಾಣದೆ ಬ್ರಹ್ಮಶಿರವೆಂಬ ಅಸ್ತ್ರವನ್ನು ಪ್ರಯೋಗಿಸಿದನೆಂದೂ, ಅರ್ಜುನನು ಅದಕ್ಕೆ ಪ್ರತಿಯಾಗಿ ಅದೇ ಅಸ್ತ್ರವನ್ನು ಬಿಟ್ಟನೆಂದೂ, ಲೋಕಕ್ಕೆ ಕೇಡಾಗುವುದನ್ನು ಕಂಡು ವ್ಯಾಸನಾರದರು ನಡುವೆ ಬಂದು ನಿಂತರೆಂದೂ ಸೌಪ್ತಿಕ ಪರ್ವದ ಕಥೆಯು ಹೇಳುತ್ತದೆ. ಬಿಟ್ಟ ಅಸ್ತ್ರವನ್ನು ಹಿಂದಕ್ಕೆ ತೆಗೆದುಕೊಳ್ಳುವ ಶಕ್ತಿ ಅರ್ಜುನನಿಗಿತ್ತು, ಅಶ್ವತ್ಥಾಮನಿಗೆ ಇರಲಿಲ್ಲ. ನಿರುಪಾಯನಾದ ಯೋಧನ ಕೈಯಲ್ಲಿ ಮಹಾಸ್ತ್ರವಿದ್ದಾಗ ಅವನನ್ನು ತಡೆಯಬೇಕಾದವರು ಯಾರು, ಅವರ ಮಾತಿಗೆ ಎಷ್ಟು ಬಲವಿರುತ್ತದೆ ಎಂಬ ಪ್ರಶ್ನೆಯು ನಮ್ಮ ಪೂರ್ವಿಕರಿಗೂ ಹೊಸದಾಗಿರಲಿಲ್ಲವೆಂಬುದಕ್ಕೆ ಈ ಕಥೆಯೇ ಸಾಕ್ಷಿ.

ಆಧುನಿಕ ಕಾಲದಲ್ಲಿ ಈ ಪ್ರಶ್ನೆಯು ಅತ್ಯಂತ ಸ್ಪಷ್ಟವಾದ ರೂಪದಲ್ಲಿ ಎದ್ದುದು 1945ರ ಬೇಸಗೆಯಲ್ಲಿ, ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಪರಮಾಣು ಬಾಂಬನ್ನು ಜಪಾನಿನ ಮೇಲೆ ಹಾಕಬೇಕೆ, ಹಾಕುವುದಾದರೆ ಯಾವ ರೀತಿಯಲ್ಲಿ ಎಂಬ ಚರ್ಚೆಯನ್ನು ಸಾಮಾನ್ಯವಾಗಿ ಸೇನಾನಿಗಳ ಆತುರಕ್ಕೂ ವಿಜ್ಞಾನಿಗಳ ವಿವೇಕಕ್ಕೂ ನಡೆದ ಸಂಘರ್ಷವೆಂದು ವರ್ಣಿಸುವುದು ವಾಡಿಕೆ. ಆದರೆ ಇಂದು ಬಹಿರಂಗವಾಗಿರುವ ದಾಖಲೆಗಳನ್ನು ಕ್ರಮವಾಗಿ ಓದಿದವರಿಗೆ ಈ ವಿಭಜನೆಯು ಅಷ್ಟು ಸರಳವಲ್ಲವೆಂದು ತಿಳಿಯುತ್ತದೆ. ವಿಜ್ಞಾನಿಗಳ ಎಚ್ಚರಿಕೆಯು ಒಂದೇ ಬಗೆಯದಾಗಿರಲಿಲ್ಲ. ಅದರಲ್ಲಿ ಮೂರು ಬಗೆಗಳಿದ್ದವು : ಪ್ರಯೋಗದಿಂದ ಭೂಮಂಡಲಕ್ಕೇ ಅಪಾಯವಾದೀತೆ ಎಂಬುದೊಂದು, ಅಸ್ತ್ರವು ಸಿಡಿಯದೆ ಹೋದರೆ ಏನು ಗತಿ ಎಂಬುದು ಇನ್ನೊಂದು, ಸಿಡಿದ ಮೇಲೆ ಲೋಕದ ಸ್ಥಿತಿ ಏನಾದೀತು ಎಂಬುದು ಮೂರನೆಯದು. ಇವುಗಳಲ್ಲಿ ಮೊದಲಿನ ಎರಡಕ್ಕೆ ಮನ್ನಣೆ ದೊರೆಯಿತು, ಮೂರನೆಯದಕ್ಕೆ ದೊರೆಯಲಿಲ್ಲ. ಇದಕ್ಕೆ ಕಾರಣವೇನೆಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

2. ಅಸ್ತ್ರಕ್ಕೆ ಮೂಲವಾದ ಭಯ

ಬಾಂಬನ್ನು ಮೊದಲು ಬೇಡಿದವರು ಸೇನಾನಿಗಳಲ್ಲ, ವಿಜ್ಞಾನಿಗಳು ಎಂಬುದನ್ನು ಆರಂಭದಲ್ಲಿಯೇ ನೆನೆಯಬೇಕು. 1938ರ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಓಟೋ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್ ಎಂಬುವರು ಯುರೇನಿಯಮ್ಮಿನ ಬೀಜವು ಒಡೆಯುವುದನ್ನು ಕಂಡುಹಿಡಿದರು. ಹಿಟ್ಲರನ ಜರ್ಮನಿಯು ಈ ಶಕ್ತಿಯನ್ನು ಮೊದಲು ಕೈವಶಮಾಡಿಕೊಂಡೀತೆಂಬ ಭಯದಿಂದ ಹಂಗೆರಿಯ ವಲಸೆಗಾರ ಲಿಯೋ ಝಿಲಾರ್ಡ್ 1939ರ ಆಗಸ್ಟ್ 2ರ ತಾರೀಖಿನ ಪತ್ರಕ್ಕೆ ಐನ್‌ಸ್ಟೈನರ ಸಹಿಯನ್ನು ಪಡೆದು ಅಧ್ಯಕ್ಷ ರೂಸ್‌ವೆಲ್ಟರಿಗೆ ತಲಪುವಂತೆ ಮಾಡಿದನು. 1942ರಿಂದ ಈ ಕಾರ್ಯವು ಜನರಲ್ ಲೆಸ್ಲಿ ಗ್ರೋವ್ಸನ ಆಡಳಿತದಲ್ಲಿ ಮ್ಯಾನ್‌ಹ್ಯಾಟನ್ ಯೋಜನೆಯೆಂಬ ಹೆಸರಿನಿಂದ ಬೃಹದ್ರೂಪವನ್ನು ತಾಳಿತು.

1944ರ ಕೊನೆಯ ಹೊತ್ತಿಗೆ ಸ್ಟ್ರಾಸ್‌ಬರ್ಗಿನಲ್ಲಿ ದೊರೆತ ಕಾಗದಪತ್ರಗಳಿಂದ ಜರ್ಮನಿಯ ಬಳಿ ಬಾಂಬಿಲ್ಲವೆಂಬುದು ಖಚಿತವಾಯಿತು. ಆಗ ಲಾಸ್ ಅಲಮಾಸಿನ ಪ್ರಯೋಗಾಲಯದಲ್ಲಿದ್ದ ಜೋಸೆಫ್ ರಾಟ್‌ಬ್ಲಾಟ್ ತಾನು ಬಂದ ಕಾರಣವೇ ಇಲ್ಲವಾಯಿತೆಂದು ಕೆಲಸವನ್ನು ಬಿಟ್ಟು ಹೊರಟನು. ಉಳಿದವರು ನಿಲ್ಲಿಸಲಿಲ್ಲ. ಯಾವ ಭಯದಿಂದ ಕಾರ್ಯವು ಮೊದಲಾಗಿತ್ತೋ ಆ ಭಯವು ತೀರಿದ ಮೇಲೂ ಕಾರ್ಯವು ತನ್ನದೇ ವೇಗದಿಂದ ಮುಂದುವರಿಯಿತು.

3. ಮೊದಲನೆಯ ಎಚ್ಚರಿಕೆ : ಗಾಳಿಯು ಹೊತ್ತಿಕೊಂಡೀತೆ?

1942ರ ಬೇಸಗೆಯಲ್ಲಿ ರಾಬರ್ಟ್ ಆಪನ್‌ಹೈಮರನು ಬರ್ಕ್‌ಲಿಯಲ್ಲಿ ಸೇರಿಸಿದ ತಾತ್ತ್ವಿಕ ಭೌತವಿಜ್ಞಾನಿಗಳ ಸಣ್ಣ ಕೂಟದಲ್ಲಿ ಎಡ್ವರ್ಡ್ ಟೆಲರ್ ಒಂದು ಸಂದೇಹವನ್ನು ಎತ್ತಿದನು. ಬಾಂಬಿನ ಗರ್ಭದಲ್ಲಿ ಕೋಟ್ಯಂತರ ಡಿಗ್ರಿಗಳ ಉಷ್ಣತೆಯುಂಟಾಗುತ್ತದೆ. ನಮ್ಮ ವಾಯುಮಂಡಲದಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಸಾರಜನಕವಿದೆ. ಆ ಶಾಖದಲ್ಲಿ ಎರಡು ಸಾರಜನಕದ ಬೀಜಗಳು ಕೂಡಿ ಶಕ್ತಿಯನ್ನು ಹೊರಸೂಸಿದರೆ, ಆ ಶಕ್ತಿಯಿಂದ ನೆರೆಯ ಗಾಳಿಯೂ ಕಾದು, ಒಂದರಿಂದ ಒಂದಕ್ಕೆ ಹಬ್ಬಿ, ವಾಯುಮಂಡಲವೆಲ್ಲ ಹೊತ್ತಿಕೊಳ್ಳಬಾರದೇಕೆ?

ಇದಕ್ಕೆ ಉತ್ತರವು ಜಮಾಖರ್ಚಿನ ಲೆಕ್ಕದಂತಿದೆ. ಬೆಂಕಿ ಹಬ್ಬಬೇಕಾದರೆ ಉರಿಯುವ ವಸ್ತುವಿನಲ್ಲಿ ಹುಟ್ಟುವ ಶಾಖವು ಅದರಿಂದ ಹೊರಗೆ ಹೋಗುವ ಶಾಖಕ್ಕಿಂತ ಹೆಚ್ಚಾಗಿರಬೇಕು. ಇಲ್ಲದಿದ್ದರೆ ಒದ್ದೆ ಸೌದೆಯಂತೆ ಆರಿಹೋಗುತ್ತದೆ. ಸಾರಜನಕದ ಬೀಜದಲ್ಲಿ ಏಳು ಧನ ವಿದ್ಯುದಂಶಗಳಿರುವುದರಿಂದ ಎರಡು ಬೀಜಗಳು ಒಂದನ್ನೊಂದು ಬಲವಾಗಿ ದೂಡುತ್ತವೆ. ಅವು ಕೂಡಬೇಕಾದರೆ ಅತ್ಯಧಿಕವಾದ ವೇಗವಿರಬೇಕು, ಎಂದರೆ ಅತ್ಯಧಿಕವಾದ ಉಷ್ಣತೆಯಿರಬೇಕು. ಆದರೆ ಉಷ್ಣತೆ ಏರಿದಷ್ಟೂ ಗಾಳಿಯಲ್ಲಿ ಬಿಡಿಯಾಗಿ ಓಡಾಡುವ ಎಲೆಕ್ಟ್ರಾನುಗಳು ಬೀಜಗಳ ಬಳಿ ತಿರುಗಿ ಬಾಗಿ ಕಿರಣರೂಪದಲ್ಲಿ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಆ ಕಿರಣಗಳು ಕಾದ ಪ್ರದೇಶದಿಂದ ತಪ್ಪಿಸಿಕೊಂಡು ಹೋಗುತ್ತವೆ. ಖರ್ಚು ಯಾವಾಗಲೂ ಜಮೆಯನ್ನು ಮೀರುತ್ತದೆಯೆಂದು ಹಾನ್ಸ್ ಬೇಥೆ ಲೆಕ್ಕಹಾಕಿ ತೋರಿಸಿದನು. ಷಿಕಾಗೊ ಪ್ರಯೋಗಾಲಯದ ಮುಖ್ಯಸ್ಥನಾದ ಆರ್ಥರ್ ಕಾಂಪ್ಟನ್ ಈ ಸಂದೇಹವನ್ನು ಕೇಳಿದಾಗ, ಇಂಥ ಅಪಾಯಕ್ಕೆ ಎಡೆಕೊಡುವುದಕ್ಕಿಂತ ನಾಟ್ಸಿಗಳ ದಾಸ್ಯವನ್ನು ಒಪ್ಪುವುದೇ ಮೇಲೆಂದು ಭಾವಿಸಿದುದಾಗಿ ತನ್ನ ಸ್ಮರಣೆಗಳಲ್ಲಿ ಬರೆದಿದ್ದಾನೆ.

ಈ ವಿಷಯವನ್ನು ಮುಂದೆ ಕೊನೊಪಿನ್‌ಸ್ಕಿ, ಮಾರ್ವಿನ್ ಮತ್ತು ಟೆಲರ್ ವಿಸ್ತಾರವಾಗಿ ಪರಿಶೀಲಿಸಿದರು. ಅವರ ವರದಿಯು ಲಾಸ್ ಅಲಮಾಸಿನಲ್ಲಿ ಸಿದ್ಧವಾದುದು 1946ರಲ್ಲಿ, ಎಂದರೆ ಮೂರು ಬಾಂಬುಗಳು ಸಿಡಿದ ಮರುವರ್ಷ. ಗಾಳಿಯನ್ನು ಎಷ್ಟೇ ಕಾಯಿಸಿದರೂ ತಾನಾಗಿ ಹಬ್ಬುವ ಕ್ರಿಯೆಯು ಆರಂಭವಾಗುವ ಸಂಭವವಿಲ್ಲವೆಂಬುದು ಅದರ ನಿರ್ಣಯ. ಆದರೂ ವಾದವು ಜಟಿಲವಾದುದೆಂದೂ, ಅದಕ್ಕೆ ತೃಪ್ತಿಕರವಾದ ಪ್ರಾಯೋಗಿಕ ಆಧಾರವಿಲ್ಲದಿರುವುದರಿಂದ ಇನ್ನೂ ಹೆಚ್ಚಿನ ಸಂಶೋಧನೆಯು ಅಪೇಕ್ಷಣೀಯವೆಂದೂ ಲೇಖಕರು ಕೊನೆಯಲ್ಲಿ ಒಪ್ಪಿಕೊಂಡಿದ್ದಾರೆ. 1945ರ ಜುಲೈ 16ರಂದು ನ್ಯೂ ಮೆಕ್ಸಿಕೊವಿನ ಮರುಭೂಮಿಯಲ್ಲಿ ಮೊದಲ ಸ್ಫೋಟಕ್ಕೆ ಮುನ್ನ ಎನ್ರಿಕೊ ಫರ್ಮಿ ಗಾಳಿ ಹೊತ್ತುವುದೋ ಇಲ್ಲವೋ ಎಂದು ಪಂದ್ಯ ಕಟ್ಟುವುದಾಗಿ ಹಾಸ್ಯಮಾಡಿದುದು ಗ್ರೋವ್ಸನಿಗೆ ಹಿಡಿಸಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವಿಷ್ಟು. ಈ ಪ್ರಶ್ನೆಯಲ್ಲಿ ರುಜುವಾತಿನ ಹೊಣೆಯು ಮುಂದುವರಿಯಬೇಕೆನ್ನುವವರ ಮೇಲಿತ್ತು. ಅಪಾಯವಿಲ್ಲವೆಂದು ಅವರು ತೋರಿಸಿಕೊಡಬೇಕಾಗಿತ್ತು. ಅಪಾಯವುಂಟೆಂದು ಸಂದೇಹಪಟ್ಟವನು ಸಾಧಿಸಬೇಕಾಗಿರಲಿಲ್ಲ. ಸಂದೇಹವನ್ನು ಯಾರೂ ತಳ್ಳಿಹಾಕದೆ ಲೆಕ್ಕಕ್ಕೆ ಕುಳಿತರು.

4. ಸೇನೆಯ ನಿರುಪಾಯತೆ

ಇನ್ನು ಸೇನೆಯ ಕಡೆಗೆ ತಿರುಗೋಣ. 1945ರ ಫೆಬ್ರವರಿಯಿಂದ ಮಾರ್ಚಿಯವರೆಗೆ ಈವೊ ಜಿಮಾ ಎಂಬ ಸಣ್ಣ ದ್ವೀಪಕ್ಕಾಗಿ ನಡೆದ ಹೋರಾಟದಲ್ಲಿ ಸುಮಾರು 7,000 ಅಮೆರಿಕನ್ನರು ಸತ್ತರು. ದ್ವೀಪವನ್ನು ಕಾಯುತ್ತಿದ್ದ ಸುಮಾರು 21,000 ಜಪಾನೀಯರಲ್ಲಿ ಹೋರಾಟದ ಕೊನೆಗೆ ಸೆರೆಸಿಕ್ಕವರು ಕೆಲವು ನೂರು ಮಂದಿ ಮಾತ್ರ. ಏಪ್ರಿಲ್ 1ರಿಂದ ಜೂನ್ 22ರವರೆಗೆ ಓಕಿನಾವದಲ್ಲಿ ನಡೆದ ಯುದ್ಧದಲ್ಲಿ 12,000ಕ್ಕೂ ಹೆಚ್ಚು ಅಮೆರಿಕನ್ನರು ಪ್ರಾಣವನ್ನು ಕಳೆದುಕೊಂಡರು. ಜಪಾನೀ ಸೈನಿಕರಲ್ಲದೆ ಓಕಿನಾವದ ಜನಸಾಮಾನ್ಯರು ಲಕ್ಷದ ಲೆಕ್ಕದಲ್ಲಿ ಸತ್ತರು. ಆತ್ಮಾಹುತಿಯ ವಿಮಾನಗಳು ಹಡಗುಗಳ ಮೇಲೆ ಬಂದು ಬೀಳುತ್ತಿದ್ದವು. ಜೂನ್ 18ರಂದು ಅಧ್ಯಕ್ಷ ಟ್ರೂಮನ್ ಸೇನಾ ಮುಖ್ಯಸ್ಥರೊಡನೆ ಕುಳಿತು, ನವೆಂಬರ್ 1ರಂದು ಕ್ಯೂಷೂ ದ್ವೀಪದ ಮೇಲೆ ಇಳಿಯುವ ಯೋಜನೆಗೆ ಒಪ್ಪಿಗೆಯನ್ನಿತ್ತಾಗ, ಜಪಾನಿನ ಉದ್ದಕ್ಕೂ ಇನ್ನೊಂದು ಓಕಿನಾವ ಆಗದಂತೆ ನೋಡಿಕೊಳ್ಳಬೇಕೆಂಬುದೇ ಆತನ ಚಿಂತೆಯಾಗಿತ್ತು.

ಜಪಾನಿನ ಕಡೆಯ ನಿರುಪಾಯತೆಯು ಇನ್ನೂ ಘೋರವಾದುದು. ನೌಕಾಬಲವು ಮುಳುಗಿ, ನಗರಗಳು ಸುಟ್ಟು, ಆಹಾರವು ತೀರುತ್ತ ಬಂದಿದ್ದರೂ, ಕೊನೆಯದೊಂದು ಮಹಾಯುದ್ಧದಲ್ಲಿ ಶತ್ರುವಿಗೆ ಅಪಾರ ನಷ್ಟವನ್ನುಂಟುಮಾಡಿದರೆ ಉತ್ತಮ ಷರತ್ತುಗಳು ದೊರೆತಾವೆಂದು ಅಲ್ಲಿನ ಸೇನಾನಾಯಕರು ನಂಬಿದ್ದರು. ಹೀಗೆ ಎರಡು ಸೇನೆಗಳೂ ತಮಗೆ ಬೇರೆ ದಾರಿಯಿಲ್ಲವೆಂದು ತಿಳಿದಿದ್ದವು.

ಇದರ ಜತೆಗೆ ಇನ್ನೊಂದು ಸಂಗತಿಯುಂಟು. ಮಾರ್ಚಿ 9-10ರ ರಾತ್ರಿ ಟೋಕಿಯೋ ನಗರದ ಮೇಲೆ ಸುರಿದ ಬೆಂಕಿಬಾಂಬುಗಳಿಂದ ಒಂದೇ ರಾತ್ರಿಯಲ್ಲಿ ಸುಮಾರು ಒಂದು ಲಕ್ಷ ಜನರು ಸತ್ತರೆಂದು ಅಂದಾಜು. ನಗರವಾಸಿಗಳನ್ನು ಕೊಲ್ಲಬಾರದೆಂಬ ಎಲ್ಲೆಯನ್ನು ಬಾಂಬು ಸಿದ್ಧವಾಗುವ ಮೊದಲೇ ದಾಟಿಯಾಗಿತ್ತು. ಆದುದರಿಂದ ಹೊಸ ಅಸ್ತ್ರವು ಸೇನಾನಿಗಳಿಗೆ ಬೇರೊಂದು ಜಾತಿಯ ವಸ್ತುವಾಗಿ ಕಾಣದೆ, ಇದ್ದುದರಲ್ಲಿಯೇ ದೊಡ್ಡದಾಗಿ ಕಂಡಿತು.

ಆದರೂ ಸೇನೆಯ ಕಡೆಯವರೆಲ್ಲರೂ ಒಂದೇ ಮನಸ್ಸಿನವರಾಗಿರಲಿಲ್ಲ. ಭೂಸೇನೆಯ ಮುಖ್ಯಸ್ಥ ಜನರಲ್ ಜಾರ್ಜ್ ಮಾರ್ಷಲನು ಮೇ 29ರಂದು, ಬಾಂಬನ್ನು ಮೊದಲು ನೌಕಾನೆಲೆಯಂಥ ಶುದ್ಧ ಸೈನಿಕ ಗುರಿಯ ಮೇಲೆ ಹಾಕಬಹುದೆಂದೂ, ಬಳಿಕ ಕೈಗಾರಿಕಾ ನಗರಗಳ ಸರದಿ ಬಂದಾಗ ಅಲ್ಲಿನ ಜನರಿಗೆ ಊರು ಬಿಡುವಂತೆ ಮುನ್ಸೂಚನೆ ಕೊಡಬೇಕೆಂದೂ ಸೂಚಿಸಿದನು. ನೌಕಾಖಾತೆಯ ಉಪಸಚಿವ ರಾಲ್ಫ್ ಬಾರ್ಡ್ ಜೂನ್ 27ರಂದು ಬರೆದ ಟಿಪ್ಪಣಿಯಲ್ಲಿ, ಎರಡು ಮೂರು ದಿನ ಮುಂಚಿತವಾಗಿ ಜಪಾನಿಗೆ ಎಚ್ಚರಿಕೆ ಕೊಡುವುದು ಅಮೆರಿಕದ ಮಾನವೀಯ ಪರಂಪರೆಗೆ ಒಪ್ಪುವ ಮಾರ್ಗವೆಂದನು. ಎಚ್ಚರಿಕೆಯೆಲ್ಲ ವಿಜ್ಞಾನಿಗಳದು, ಆತುರವೆಲ್ಲ ಸೇನೆಯದು ಎಂಬ ವಿಭಜನೆಯು ಇಲ್ಲಿಯೇ ಸಡಿಲವಾಗುತ್ತದೆ.

5. ಎರಡನೆಯ ಎಚ್ಚರಿಕೆ : ಸಿಡಿಯದಿದ್ದರೆ?

ಬಾಂಬಿನ ವಿಷಯದಲ್ಲಿ ಅಧ್ಯಕ್ಷನಿಗೆ ಸಲಹೆ ನೀಡಲು ಯುದ್ಧಸಚಿವ ಹೆನ್ರಿ ಸ್ಟಿಮ್ಸನ್ ಒಂದು ಮಧ್ಯಂತರ ಸಮಿತಿಯನ್ನು ರಚಿಸಿದ್ದನು. ಅದಕ್ಕೆ ನೆರವಾಗಲು ಆಪನ್‌ಹೈಮರ್, ಫರ್ಮಿ, ಅರ್ನೆಸ್ಟ್ ಲಾರೆನ್ಸ್ ಮತ್ತು ಆರ್ಥರ್ ಕಾಂಪ್ಟನ್ ಎಂಬ ನಾಲ್ವರ ವೈಜ್ಞಾನಿಕ ಮಂಡಲಿಯಿತ್ತು. ಮೇ 31ರಂದು ಇವರೆಲ್ಲ ಸೇರಿದಾಗ, ನಗರದ ಮೇಲೆ ಹಾಕುವ ಮೊದಲು ಜನರಿಲ್ಲದ ಸ್ಥಳದಲ್ಲಿ ಜಪಾನೀಯರಿಗೆ ಅದರ ಶಕ್ತಿಯನ್ನು ಪ್ರದರ್ಶಿಸಬಾರದೇಕೆ ಎಂಬ ಮಾತು ಮಧ್ಯಾಹ್ನದ ಭೋಜನದ ವೇಳೆಯಲ್ಲಿ ಬಂದಿತು. ಲೋಕದ ಇತಿಹಾಸದಲ್ಲಿ ಇಷ್ಟು ಗಂಭೀರವಾದ ಪ್ರಶ್ನೆಯು ಊಟದ ಹೊತ್ತಿನ ಸಂಭಾಷಣೆಯಲ್ಲಿ ಮುಗಿದುಹೋದ ನಿದರ್ಶನಗಳು ವಿರಳ.

ಆಕ್ಷೇಪಣೆಗಳು ಹೀಗಿದ್ದವು : ಯಂತ್ರವು ಹೊಸದು, ಸಿಡಿಯದೆ ಹೋದರೆ ಜಪಾನಿನ ಯುದ್ಧಪಕ್ಷದ ಹುಮ್ಮಸ್ಸು ಹೆಚ್ಚುತ್ತದೆ, ಸ್ಥಳವನ್ನು ಮೊದಲೇ ತಿಳಿಸಿದರೆ ವಿಮಾನವನ್ನು ಹೊಡೆದುರುಳಿಸಬಹುದು, ಅಥವಾ ಸೆರೆಯಾಳುಗಳನ್ನು ಆ ಸ್ಥಳಕ್ಕೆ ತಂದಿಡಬಹುದು, ಕೈಯಲ್ಲಿರುವ ಬಾಂಬುಗಳು ಬೆರಳೆಣಿಕೆಯವು, ಮರಳುಗಾಡಿನಲ್ಲಿ ಸಿಡಿದ ಬೆಂಕಿಯು ಸೇನಾನಿಗಳ ಮನಸ್ಸನ್ನು ತಿರುಗಿಸಲಾರದು. ಜೂನ್ 1ರಂದು ಸಮಿತಿಯು, ಬಾಂಬನ್ನು ಆದಷ್ಟು ಬೇಗ, ಮುನ್ಸೂಚನೆಯಿಲ್ಲದೆ, ಕೆಲಸಗಾರರ ವಸತಿಗಳಿಂದ ಸುತ್ತುವರಿದ ಯುದ್ಧಸಾಮಗ್ರಿಯ ಕಾರ್ಖಾನೆಯೊಂದರ ಮೇಲೆ ಪ್ರಯೋಗಿಸಬೇಕೆಂದು ನಿರ್ಣಯಿಸಿತು.

ಯಂತ್ರವು ಕೆಟ್ಟರೆ ಎಂಬ ಸಂದೇಹವು ಶುದ್ಧ ವೈಜ್ಞಾನಿಕ ಎಚ್ಚರಿಕೆ; ಯಾವ ಪ್ರಯೋಗಶೀಲನೂ ಅದನ್ನು ಅಲ್ಲಗಳೆಯಲಾರನು. ಆದರೆ ಇಲ್ಲಿ ಆ ಎಚ್ಚರಿಕೆಯು ಅಸ್ತ್ರವನ್ನು ತಡೆಯುವ ಬದಲು, ಅದನ್ನು ಜನವಸತಿಯ ಮೇಲೆ ಹಾಕುವುದಕ್ಕೆ ಒಂದು ಕಾರಣವಾಗಿ ಪರಿಣಮಿಸಿತು. ಪ್ರದರ್ಶನದಲ್ಲಿ ಸೋಲುವ ಭಯವು ನಗರವೊಂದನ್ನು ಸುಡುವ ಭಯಕ್ಕಿಂತ ತೂಕದ್ದಾಯಿತು.

6. ಮೂರನೆಯ ಎಚ್ಚರಿಕೆ : ನಾಳಿನ ಲೋಕ

ಇದೇ ಸಮಯದಲ್ಲಿ ಷಿಕಾಗೊವಿನ ಪ್ರಯೋಗಾಲಯದಲ್ಲಿ ಬೇರೊಂದು ಬಗೆಯ ಯೋಚನೆ ನಡೆದಿತ್ತು. ಅಲ್ಲಿನ ಮುಖ್ಯ ಕಾರ್ಯವು ಮುಗಿಯುತ್ತ ಬಂದಿದ್ದುದರಿಂದ ವಿಜ್ಞಾನಿಗಳಿಗೆ ಮುಂದಿನದನ್ನು ಆಲೋಚಿಸಲು ಬಿಡುವು ದೊರೆತಿತ್ತು. ಜೇಮ್ಸ್ ಫ್ರಾಂಕನ ಅಧ್ಯಕ್ಷತೆಯಲ್ಲಿ ಏಳು ಮಂದಿಯ ಸಮಿತಿಯು ಪರಮಾಣುಶಕ್ತಿಯ ಸಾಮಾಜಿಕ ಹಾಗೂ ರಾಜಕೀಯ ಪರಿಣಾಮಗಳನ್ನು ಪರಿಶೀಲಿಸಿ 1945ರ ಜೂನ್ 11ರಂದು ವರದಿಯನ್ನು ಸಿದ್ಧಪಡಿಸಿತು. ಝಿಲಾರ್ಡ್, ಗ್ಲೆನ್ ಸೀಬೋರ್ಗ್ ಮತ್ತು ಯೂಜೀನ್ ರಾಬಿನೋವಿಚ್ ಅದರ ಸದಸ್ಯರಲ್ಲಿ ಸೇರಿದ್ದರು.

ಫ್ರಾಂಕನ ಪೂರ್ವಚರಿತ್ರೆಯನ್ನು ಇಲ್ಲಿ ಸ್ಮರಿಸುವುದು ಯುಕ್ತ. ಜರ್ಮನಿಯವನಾದ ಆತನು 1925ರ ನೊಬೆಲ್ ಪಾರಿತೋಷಕವನ್ನು ಗುಸ್ತಾವ್ ಹರ್ಟ್ಸನೊಡನೆ ಹಂಚಿಕೊಂಡವನು; 1933ರಲ್ಲಿ ಹಿಟ್ಲರನ ಆಡಳಿತವನ್ನು ಪ್ರತಿಭಟಿಸಿ ಗಟಿಂಗೆನ್ ವಿಶ್ವವಿದ್ಯಾನಿಲಯದ ಹುದ್ದೆಯನ್ನು ತ್ಯಜಿಸಿದವನು. ಅದಕ್ಕೂ ಹಿಂದೆ, ಮೊದಲನೆಯ ಮಹಾಯುದ್ಧದಲ್ಲಿ, ಫ್ರಿಟ್ಸ್ ಹಾಬರನ ಕೈಕೆಳಗೆ ವಿಷಾನಿಲದ ದಳದಲ್ಲಿ ದುಡಿದಿದ್ದನು. ವಿಜ್ಞಾನವು ಒಮ್ಮೆ ಸೇನೆಗೆ ಒಪ್ಪಿಸಿದ ಅಸ್ತ್ರವು ಎಲ್ಲಿಗೆ ಹೋಗಿ ಮುಟ್ಟುತ್ತದೆಯೆಂಬುದನ್ನು ಆತನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಬೇರೆ ಯಾವ ದೇಶದ ಬಳಿಯೂ ಬಾಂಬಿಲ್ಲದಿರುವಾಗ ಅದು ಸಿದ್ಧವಾದರೆ, ಅದರ ಬಳಕೆಯ ವಿಷಯದಲ್ಲಿ ತನ್ನ ಅಭಿಪ್ರಾಯವನ್ನು ಉನ್ನತ ಅಧಿಕಾರಿಗಳ ಮುಂದಿಡಲು ಅವಕಾಶವಿರಬೇಕೆಂಬ ಷರತ್ತಿನ ಮೇಲೆಯೇ ಆತನು ಯೋಜನೆಗೆ ಸೇರಿದ್ದನು.

ವರದಿಯ ವಾದಸರಣಿಯನ್ನು ಸಂಗ್ರಹಿಸಿ ಹೇಳುವುದಾದರೆ ಹೀಗಿದೆ. ಮೊದಲನೆಯದಾಗಿ, ಪ್ರಕೃತಿಯ ನಿಯಮಗಳನ್ನು ಗುಟ್ಟಾಗಿಡಲಾಗುವುದಿಲ್ಲ. ಇತರ ದೇಶಗಳು ಕೆಲವೇ ವರ್ಷಗಳಲ್ಲಿ ಬಾಂಬನ್ನು ತಯಾರಿಸಬಲ್ಲವು. ಎರಡನೆಯದಾಗಿ, ಹಿಂದಿನ ಅಸ್ತ್ರಗಳಿಗೆ ವಿಜ್ಞಾನವು ರಕ್ಷಣೆಯನ್ನೂ ಒದಗಿಸುತ್ತಿತ್ತು. ಇದಕ್ಕೆ ಅಂಥ ರಕ್ಷಣೆಯ ಭರವಸೆಯನ್ನು ವಿಜ್ಞಾನವು ಕೊಡಲಾರದು. ಮೂರನೆಯದಾಗಿ, ದೊಡ್ಡ ನಗರಗಳಲ್ಲಿ ಜನರನ್ನೂ ಕೈಗಾರಿಕೆಗಳನ್ನೂ ಒಟ್ಟುಗೂಡಿಸಿಕೊಂಡಿರುವ ಅಮೆರಿಕವೇ ಇಂಥ ಯುದ್ಧದಲ್ಲಿ ಹೆಚ್ಚು ದುರ್ಬಲವಾದ ಸ್ಥಿತಿಯಲ್ಲಿರುವುದು. ಆದುದರಿಂದ ರಾಷ್ಟ್ರಗಳ ಪರಸ್ಪರ ವಿಶ್ವಾಸದ ಮೇಲೆ ನಿಂತ ಅಂತರರಾಷ್ಟ್ರೀಯ ನಿಯಂತ್ರಣವೊಂದೇ ಗತಿ. ಮುನ್ಸೂಚನೆಯಿಲ್ಲದೆ ನಗರವೊಂದನ್ನು ನಾಶಮಾಡಿದವರು ಮಾರನೆಯ ದಿನ ಈ ಅಸ್ತ್ರವನ್ನು ನಿಷೇಧಿಸೋಣವೆಂದರೆ ಅವರನ್ನು ನಂಬುವವರಾರು? ಅಪಾರವಾದ ವಿಷಾನಿಲದ ಸಂಗ್ರಹವಿದ್ದರೂ ಜನಾಭಿಪ್ರಾಯಕ್ಕೆ ಅಂಜಿ ಅಮೆರಿಕವು ಅದನ್ನು ಬಳಸದಿರುವುದನ್ನು ವರದಿಯು ನೆನಪಿಗೆ ತರುತ್ತದೆ. ಸಂಯುಕ್ತ ರಾಷ್ಟ್ರಗಳ ಪ್ರತಿನಿಧಿಗಳೆಲ್ಲರ ಎದುರಿಗೆ ಮರುಭೂಮಿಯಲ್ಲಿಯೋ ಬರಡು ದ್ವೀಪದಲ್ಲಿಯೋ ಪ್ರದರ್ಶನವನ್ನು ಏರ್ಪಡಿಸಬೇಕೆಂದು ಅದು ಸಲಹೆಮಾಡಿತು.

ಫ್ರಾಂಕ್ ಸ್ವತಃ ವರದಿಯನ್ನು ವಾಷಿಂಗ್ಟನ್ನಿಗೆ ಕೊಂಡೊಯ್ದನು. ಸ್ಟಿಮ್ಸನ್ ದೊರೆಯದಿದ್ದುದರಿಂದ ಅದನ್ನು ಆತನ ಕಚೇರಿಯಲ್ಲಿ ಬಿಟ್ಟುಬರಬೇಕಾಯಿತು. ಜತೆಗೆ ಕಾಂಪ್ಟನ್ ಬರೆದ ಒಂದು ಪತ್ರವಿತ್ತು. ಅಸ್ತ್ರವನ್ನು ಬಳಸುವುದರಿಂದ ಒಟ್ಟಿನಲ್ಲಿ ಉಳಿಯಬಹುದಾದ ಪ್ರಾಣಗಳ ವಿಷಯವನ್ನು ವರದಿಯು ಎತ್ತಿಲ್ಲವೆಂದು ಅದರಲ್ಲಿ ಆತನು ಸೂಚಿಸಿದ್ದನು. ಈ ಟೀಕೆಯು ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ಫ್ರಾಂಕ್ ವರದಿಯು ಇಪ್ಪತ್ತು ವರ್ಷಗಳ ಮುಂದನ್ನು ಕಂಡಿತು. ಆದರೆ ಕ್ಯೂಷೂ ತೀರದಲ್ಲಿ ನವೆಂಬರಿನಲ್ಲಿ ಇಳಿಯಬೇಕಾಗಿದ್ದ ಸೈನಿಕನಿಗೆ ಅದರಲ್ಲಿ ಉತ್ತರವಿರಲಿಲ್ಲ.

7. ಎರಡು ಎಚ್ಚರಿಕೆಗಳ ಮುಖಾಮುಖಿ

ಜೂನ್ 16ರಂದು ಲಾಸ್ ಅಲಮಾಸಿನಲ್ಲಿ ಸೇರಿದ ನಾಲ್ವರ ವೈಜ್ಞಾನಿಕ ಮಂಡಲಿಯು ತನ್ನ ಅಭಿಪ್ರಾಯವನ್ನು ಬರೆದುಕೊಟ್ಟಿತು. ಈ ವಿಷಯದಲ್ಲಿ ವಿಜ್ಞಾನಿಗಳು ಏಕಾಭಿಪ್ರಾಯರಲ್ಲವೆಂದು ಅದು ಒಪ್ಪಿತು. ಯುದ್ಧವನ್ನು ಮುಗಿಸಬಲ್ಲಂಥ ತಾಂತ್ರಿಕ ಪ್ರದರ್ಶನ ಯಾವುದನ್ನೂ ತಾವು ಸೂಚಿಸಲಾರೆವೆಂದೂ, ನೇರವಾದ ಸೈನಿಕ ಬಳಕೆಗೆ ಬದಲಾಗಿ ಸ್ವೀಕಾರಾರ್ಹವಾದ ಮಾರ್ಗವು ತಮಗೆ ಕಾಣುವುದಿಲ್ಲವೆಂದೂ ತಿಳಿಸಿತು. ಬಳಿಕ, ರಾಜಕೀಯ, ಸಾಮಾಜಿಕ ಮತ್ತು ಸೈನಿಕ ಸಮಸ್ಯೆಗಳನ್ನು ಬಿಡಿಸುವ ವಿಶೇಷ ಯೋಗ್ಯತೆ ವಿಜ್ಞಾನಿಗಳಾದ ತಮಗಿಲ್ಲವೆಂದೂ ಸೇರಿಸಿತು.

ಈ ಕೊನೆಯ ಮಾತು ವಿನಯದಿಂದ ಬಂದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದರೊಡನೆ ರುಜುವಾತಿನ ಹೊಣೆಯು ಸದ್ದಿಲ್ಲದೆ ಸ್ಥಳವನ್ನು ಬದಲಾಯಿಸಿತು. ವಾಯುಮಂಡಲದ ಪ್ರಶ್ನೆಯಲ್ಲಿ, ಸುರಕ್ಷಿತವೆಂದು ಸಾಧಿತವಾಗುವವರೆಗೆ ಮುಂದುವರಿಯಬಾರದೆಂಬುದು ನಿಯಮವಾಗಿತ್ತು. ನಗರದ ಪ್ರಶ್ನೆಯಲ್ಲಿ, ಬೇರೆ ಮಾರ್ಗವು ಖಂಡಿತವಾಗಿ ಸಫಲವಾಗುವುದೆಂದು ಸಾಧಿತವಾಗುವವರೆಗೆ ನಿಲ್ಲಬಾರದೆಂಬುದು ನಿಯಮವಾಯಿತು. ಪ್ರದರ್ಶನವು ಯುದ್ಧವನ್ನು ನಿಲ್ಲಿಸುವುದೆಂದು ಯಾರು ತಾನೆ ಸಾಧಿಸಬಲ್ಲರು? ನಗರದ ಮೇಲೆ ಹಾಕಿದರೆ ನಿಲ್ಲುವುದೆಂಬುದೂ ಆಗ ಸಾಧಿತವಾದ ವಿಷಯವಾಗಿರಲಿಲ್ಲ. ಆದರೆ ಅದನ್ನು ಸಾಧಿಸಿ ತೋರಿಸೆಂದು ಯಾರೂ ಕೇಳಲಿಲ್ಲ.

ಷಿಕಾಗೊವಿನಲ್ಲಿ ಜುಲೈ 12ರಂದು 150 ಮಂದಿ ವಿಜ್ಞಾನಿಗಳ ಅಭಿಪ್ರಾಯವನ್ನು ಸಂಗ್ರಹಿಸಲಾಯಿತು. ಸೇನೆಯ ದೃಷ್ಟಿಯಿಂದ ಅತ್ಯಂತ ಪರಿಣಾಮಕಾರಿಯಾದ ರೀತಿಯಲ್ಲಿ ಬಳಸಬೇಕೆಂದವರು ನೂರಕ್ಕೆ 15. ಜಪಾನಿನಲ್ಲಿ ಸೈನಿಕ ಪ್ರದರ್ಶನವನ್ನು ನಡೆಸಿ, ಪೂರ್ಣವಾಗಿ ಬಳಸುವ ಮೊದಲು ಶರಣಾಗಲು ಮತ್ತೆ ಅವಕಾಶ ಕೊಡಬೇಕೆಂದವರು 46. ಅಮೆರಿಕದಲ್ಲಿ ಜಪಾನೀ ಪ್ರತಿನಿಧಿಗಳ ಎದುರಿಗೆ ಪ್ರದರ್ಶಿಸಬೇಕೆಂದವರು 26. ಯುದ್ಧದಲ್ಲಿ ಬಳಸದೆ ಬಹಿರಂಗ ಪ್ರಯೋಗವನ್ನಷ್ಟೇ ಮಾಡಬೇಕೆಂದವರು 11. ಎಲ್ಲವನ್ನೂ ಗುಟ್ಟಾಗಿಡಬೇಕೆಂದವರು 2. ಸೈನಿಕ ಪ್ರದರ್ಶನವೆಂಬ ಪದಕ್ಕೆ ಇಂತಹುದೇ ಎಂಬ ನಿಷ್ಕೃಷ್ಟಾರ್ಥವನ್ನು ಹೇಳಿರಲಿಲ್ಲ. ಆದುದರಿಂದ ಬಹುಸಂಖ್ಯೆಯ 46ನ್ನು ಎರಡು ಪಕ್ಷದವರೂ ತಮ್ಮದೆಂದು ಹೇಳಿಕೊಳ್ಳಬಹುದಾಗಿತ್ತು. ಮಾತಿನ ಅರ್ಥವನ್ನು ನಿಶ್ಚಯಿಸದೆ ಮತಗಳನ್ನೆಣಿಸುವುದರ ದೋಷಕ್ಕೆ ಇದು ನಮ್ಮ ವಿದ್ಯಾರ್ಥಿಗಳಿಗೆ ಒಳ್ಳೆಯ ಉದಾಹರಣೆ.

ಜುಲೈ 17ರಂದು ಝಿಲಾರ್ಡ್ 70 ಮಂದಿಯ ಸಹಿಗಳೊಡನೆ ಅಧ್ಯಕ್ಷನಿಗೆ ಒಂದು ವಿಜ್ಞಾಪನೆಯನ್ನು ಸಿದ್ಧಪಡಿಸಿದನು. ಶರಣಾಗತಿಯ ಷರತ್ತುಗಳನ್ನು ಪ್ರಕಟಿಸಿ, ಅವನ್ನು ತಿಳಿದೂ ಜಪಾನು ನಿರಾಕರಿಸಿದ ಹೊರತು ಬಾಂಬನ್ನು ಬಳಸಬಾರದೆಂಬುದು ಅದರ ಬೇಡಿಕೆ. ಅದು ಅಧಿಕಾರದ ಮೆಟ್ಟಿಲುಗಳನ್ನು ಹತ್ತುತ್ತ ಆಗಸ್ಟ್ 1ರಂದು ಸ್ಟಿಮ್ಸನನ ಕಚೇರಿಯನ್ನು ತಲಪಿ ಅಲ್ಲಿಯೇ ನಿಂತಿತು. ಅಷ್ಟರಲ್ಲಿ ಜುಲೈ 25ರಂದೇ, ಆಗಸ್ಟ್ 3ರ ಸುಮಾರಿನಿಂದ ಹವೆಯು ಅನುಕೂಲವಾದೊಡನೆ ಮೊದಲ ಬಾಂಬನ್ನು ಹಾಕಬೇಕೆಂದೂ, ಉಳಿದವುಗಳನ್ನು ಸಿದ್ಧವಾದಂತೆಲ್ಲ ಹಾಕಬೇಕೆಂದೂ ಆಜ್ಞೆಯು ಹೊರಟುಹೋಗಿತ್ತು.

8. ಪರಿಣಾಮ

ಆಗಸ್ಟ್ 6ರಂದು ಹಿರೋಷಿಮಾ, 9ರಂದು ನಾಗಸಾಕಿ. ಆ ವರ್ಷದ ಕೊನೆಯೊಳಗೆ ಮೊದಲನೆಯ ನಗರದಲ್ಲಿ ಸುಮಾರು 1,40,000 ಮಂದಿ, ಎರಡನೆಯದರಲ್ಲಿ ಸುಮಾರು 70,000 ಮಂದಿ ಸತ್ತರೆಂದು ಸಾಮಾನ್ಯವಾಗಿ ಅಂಗೀಕೃತವಾದ ಅಂದಾಜು. 9ರಂದೇ ಸೋವಿಯತ್ ಸೇನೆಯು ಮಂಚೂರಿಯವನ್ನು ಹೊಕ್ಕಿತು. ಆ ದಿನವೂ ಜಪಾನಿನ ಆರು ಮಂದಿಯ ಪರಮ ಯುದ್ಧಮಂಡಲಿಯು ಶರಣಾಗತಿಯ ಷರತ್ತುಗಳ ವಿಷಯದಲ್ಲಿ ಮೂವರು ಒಂದು ಕಡೆ, ಮೂವರು ಇನ್ನೊಂದು ಕಡೆಯಾಗಿ ಒಡೆದಿತ್ತು. ಚಕ್ರವರ್ತಿಯ ಮಾತಿನಿಂದ ತೀರ್ಮಾನವಾಗಿ ಆಗಸ್ಟ್ 15ರಂದು ಶರಣಾಗತಿಯ ಘೋಷಣೆಯಾಯಿತು. ಎರಡು ನಗರಗಳ ನಾಶದಿಂದಲೂ ಒಡಕು ಮುಗಿಯಲಿಲ್ಲವೆಂಬುದನ್ನು ಕಂಡರೆ, ಬರಡು ದ್ವೀಪದ ಪ್ರದರ್ಶನವೊಂದರಿಂದಲೇ ಯುದ್ಧವು ನಿಲ್ಲುತ್ತಿತ್ತೆಂದು ಧೈರ್ಯದಿಂದ ಹೇಳಲಾಗುವುದಿಲ್ಲ. ಬಾಂಬು, ರಷ್ಯದ ಪ್ರವೇಶ, ಸಮುದ್ರದ ದಿಗ್ಬಂಧನ, ಇವುಗಳಲ್ಲಿ ಯಾವುದರ ಪಾಲು ಎಷ್ಟೆಂಬ ಬಗ್ಗೆ ಇತಿಹಾಸಕಾರರ ವಾದವು ಇನ್ನೂ ಮುಗಿದಿಲ್ಲ.

ಆದರೆ ಫ್ರಾಂಕ್ ವರದಿಯ ಮುಖ್ಯ ವಾದವು ಜಪಾನಿನ ವಿಷಯವಾಗಿರಲಿಲ್ಲ, ಮುಂದಿನ ಪೈಪೋಟಿಯ ವಿಷಯವಾಗಿತ್ತು. ಅದು ಅಕ್ಷರಶಃ ನಿಜವಾಯಿತು. 1949ರ ಆಗಸ್ಟ್ 29ರಂದು ಸೋವಿಯತ್ ಒಕ್ಕೂಟವು ತನ್ನ ಬಾಂಬನ್ನು ಸಿಡಿಸಿತು. ಇದಕ್ಕೆ ಉತ್ತರವಾಗಿ ಜಲಜನಕ ಬಾಂಬು ಬೇಕೆಂಬ ಕೂಗು ಎದ್ದಾಗ, ಅದೇ ಅಕ್ಟೋಬರಿನ ಕೊನೆಯಲ್ಲಿ ಆಪನ್‌ಹೈಮರನ ಅಧ್ಯಕ್ಷತೆಯ ಸಾಮಾನ್ಯ ಸಲಹಾ ಸಮಿತಿಯು ಅದನ್ನು ತಯಾರಿಸಬಾರದೆಂದು ಹೇಳಿತು. ಫರ್ಮಿ ಮತ್ತು ಇಸಿಡೋರ್ ರಾಬಿ ಪ್ರತ್ಯೇಕವಾಗಿ ಬರೆದು, ಯಾವ ದೃಷ್ಟಿಯಿಂದ ನೋಡಿದರೂ ಅದು ಕೇಡಿನ ವಸ್ತುವೆಂದರು. ನಾಲ್ಕು ವರ್ಷಗಳ ಹಿಂದೆ ತಮಗೆ ವಿಶೇಷ ಯೋಗ್ಯತೆಯಿಲ್ಲವೆಂದು ಸಹಿಹಾಕಿದ್ದ ಆಪನ್‌ಹೈಮರ್ ಮತ್ತು ಫರ್ಮಿ ಈಗ ಆ ಸಂಕೋಚವನ್ನು ಬಿಟ್ಟಿದ್ದರು. ಆದರೆ ಸಮಯವು ಮೀರಿತ್ತು. 1950ರ ಜನವರಿ 31ರಂದು ಟ್ರೂಮನ್ ಕಾರ್ಯವನ್ನು ಮುಂದುವರಿಸುವಂತೆ ಆಜ್ಞಾಪಿಸಿದನು.

1954ರ ಮಾರ್ಚಿ 1ರಂದು ಬಿಕಿನಿಯಲ್ಲಿ ಸಿಡಿಸಿದ ಜಲಜನಕ ಬಾಂಬು ಲೆಕ್ಕಹಾಕಿದ್ದುದಕ್ಕಿಂತ ಎರಡರಷ್ಟನ್ನೂ ಮೀರಿ, ಸುಮಾರು 150 ಲಕ್ಷ ಟನ್ನು ಸಿಡಿಮದ್ದಿನ ಬಲದಿಂದ ಸಿಡಿಯಿತು. ಅದರಲ್ಲಿದ್ದ ಲಿಥಿಯಮ್ಮಿನ ಒಂದು ಜಾತಿಯು ಕ್ರಿಯೆಯಲ್ಲಿ ಪಾಲುಗೊಳ್ಳುವುದಿಲ್ಲವೆಂದು ತಿಳಿದಿದ್ದರು, ಅದು ಪಾಲುಗೊಂಡಿತು. ವಿಕಿರಣದ ಬೂದಿಯು ಮಾರ್ಷಲ್ ದ್ವೀಪವಾಸಿಗಳ ಮೇಲೆಯೂ ಜಪಾನಿನ ಮೀನುದೋಣಿಯೊಂದರ 23 ಮಂದಿಯ ಮೇಲೆಯೂ ಸುರಿಯಿತು. ಇದಾದ ಒಂದು ತಿಂಗಳಿಗೆ, ಏಪ್ರಿಲ್ 2ರಂದು, ನಮ್ಮ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಲೋಕಸಭೆಯಲ್ಲಿ, ಇಂಥ ಪರೀಕ್ಷೆಗಳನ್ನಾದರೂ ಸದ್ಯಕ್ಕೆ ನಿಲ್ಲಿಸುವ ಒಪ್ಪಂದವಾಗಬೇಕೆಂದು ಸೂಚಿಸಿದರು. ವಾಯುಮಂಡಲದ ಪರೀಕ್ಷೆಗಳನ್ನು ನಿಷೇಧಿಸುವ ಆಂಶಿಕ ಒಪ್ಪಂದಕ್ಕೆ ಮೂರು ರಾಷ್ಟ್ರಗಳು ಸಹಿಹಾಕಿದುದು 1963ರಲ್ಲಿ.

9. ಉಪಸಂಹಾರ

ಈ ಪ್ರಸಂಗದಿಂದ ನಾವು ಮೂರು ನಿರ್ಣಯಗಳಿಗೆ ಬರುತ್ತೇವೆ.

ಸೇನೆಯ ನಿರುಪಾಯತೆಯನ್ನು ಕ್ರೌರ್ಯವೆಂದು ಕರೆದು ತಳ್ಳಿಹಾಕುವುದು ಸುಲಭ. ಆದರೆ ಅದು ನಿಜವಾದ ಸಾವುಗಳ ಲೆಕ್ಕದಿಂದ ಹುಟ್ಟಿತ್ತು. ಅದಕ್ಕೆ ಉತ್ತರ ಹೇಳದ ಎಚ್ಚರಿಕೆಯು ಎಷ್ಟೇ ದೂರದೃಷ್ಟಿಯುಳ್ಳದ್ದಾದರೂ ಅಧಿಕಾರಸ್ಥಾನದಲ್ಲಿ ಸೋಲುತ್ತದೆ. ಇದು ಮೊದಲನೆಯದು.

ವಿಜ್ಞಾನದ ಎಚ್ಚರಿಕೆಗೆ ಮನ್ನಣೆ ದೊರೆಯುವುದು ಅದನ್ನು ಅಂಕಿಗಳಲ್ಲಿ ಹೇಳಲು ಬಂದಾಗ. ಸಾರಜನಕದ ಲೆಕ್ಕವನ್ನು ಹಾಕಬಹುದು. ರಾಷ್ಟ್ರಗಳ ಅವಿಶ್ವಾಸಕ್ಕೆ ಸೂತ್ರವಿಲ್ಲ. ಅಂಕಿಗಳಿಲ್ಲವೆಂಬ ಕಾರಣದಿಂದ ಅಪಾಯವು ಕಡಮೆಯಾಗುವುದಿಲ್ಲವೆಂಬುದನ್ನು 1949 ತೋರಿಸಿತು. ಅಂಕಿಗಳಿದ್ದ ಮಾತ್ರಕ್ಕೆ ಅಪಾಯವು ತಪ್ಪುವುದಿಲ್ಲವೆಂಬುದನ್ನು 1954 ತೋರಿಸಿತು. ಇದು ಎರಡನೆಯದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಮಹಾಸ್ತ್ರದ ಚರ್ಚೆಯಲ್ಲಿ ಗೆಲ್ಲುವವರು ಯಾರೆಂಬುದು ಬಹುಮಟ್ಟಿಗೆ ಚರ್ಚೆಯು ಆರಂಭವಾಗುವ ಮೊದಲೇ, ಸಾಧಿಸಿ ತೋರಿಸುವ ಹೊಣೆಯನ್ನು ಯಾರ ಮೇಲೆ ಹೊರಿಸಲಾಗಿದೆಯೆಂಬುದರಿಂದ ನಿಶ್ಚಯವಾಗಿರುತ್ತದೆ. ಹಿಂದಕ್ಕೆ ತೆಗೆದುಕೊಳ್ಳಲಾಗದ ಕಾರ್ಯವನ್ನು ಮಾಡಹೊರಟವನೇ ಆ ಹೊಣೆಯನ್ನು ಹೊರಬೇಕೆಂಬುದು ವಾಯುಮಂಡಲದ ವಿಷಯದಲ್ಲಿ ಎಲ್ಲರಿಗೂ ಸಹಜವಾಗಿ ತೋರಿತು. ಹಿರೋಷಿಮಾದ ಜನರ ವಿಷಯದಲ್ಲಿ ತೋರಲಿಲ್ಲ. ಮೊದಲನೆಯ ಅಪಾಯದಲ್ಲಿ ಲೆಕ್ಕಹಾಕುವವರ ಮನೆಗಳೂ ಸೇರಿದ್ದವು, ಎರಡನೆಯದರಲ್ಲಿ ಸೇರಿರಲಿಲ್ಲ ಎಂಬ ವ್ಯತ್ಯಾಸವನ್ನು ಬಿಟ್ಟರೆ ಇದಕ್ಕೆ ಬೇರೆ ಕಾರಣವನ್ನು ಹೇಳುವುದು ಕಷ್ಟ. ಅಂಥ ಕಾರಣವನ್ನು ಮುಂದೆ ಯಾವ ಸಮಿತಿಯೂ ತನಗೆ ತಿಳಿಯದಂತೆಯೇ ಒಪ್ಪಿಕೊಳ್ಳದಿರಲೆಂಬ ಆಶಯದಿಂದ, ಕಾಲೇಜಿನ ತರಗತಿಗಳಲ್ಲಿ ಭೌತವಿಜ್ಞಾನವನ್ನೂ ಇತಿಹಾಸವನ್ನೂ ಕಲಿಸುವವರು ಈ ಪ್ರಸಂಗವನ್ನು ಕೂಡಿಯೇ ಓದಿಸುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.